ಹನಿ ಒಂದು ಕಡೆ, ತೂತು ಇನ್ನೊಂದು ಕಡೆ

ಬೆಳಗ್ಗೆಯಿಂದ ಸಿಯಾಟಲ್‌ನಲ್ಲಿ ಜಿಟಿಜಿಟಿ ಮಳೆ. 1978ರ ನಮ್ಮ ಹಾಯಿದೋಣಿಯೊಳಗೆ ಟಾರ್ಚ್ ಹಿಡಿದು ಕೂತಿದ್ದೇನೆ. ಹನಿ ಬೀಳೋದು ಮಲಗೋ ಹಲಗೆ ಮೇಲೆ. ಎರಡು ವರ್ಷ ಅದರ ಮೇಲಿನ ಕಿಟಕಿಗೇ ಸೀಲಂಟ್ ಮೆತ್ತಿದೆ. ನೀರು ಒಳಗೆ ಇಳೀತಿದ್ದದ್ದು ನಾಲ್ಕಡಿ ಮುಂದೆ, ಅಂಚಿನ ಕಂಬಿಯ ಬೋಲ್ಟ್ ಹತ್ತಿರ! ಊರಿನ ಹೆಂಚಿನ ಮನೆ ಥರಾನೇ: ಒಡೆದ ಹೆಂಚು ಎಲ್ಲೋ, ಪಾತ್ರೆ ಇಡೋದು ಎಲ್ಲೋ.

ಡೆಕ್ಕಿನ ನೀರು ಹೋಗೋ ಕಿಂಡಿಗೆ ಎಲೆ ಕಟ್ಟಿಕೊಂಡು, ಬೋಲ್ಟಿನ ಬುಡದಲ್ಲೇ ನೀರು ನಿಂತಿತ್ತು. ಮೊದಲು ಅದನ್ನ ಬಿಡಿಸಿದೆ. ಈ ಡೆಕ್ಕಿನಲ್ಲಿ ಫೈಬರ್‌ಗ್ಲಾಸಿನ ಎರಡು ಪದರದ ನಡುವೆ ಬಾಲ್ಸಾ ಮರ ಇದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಜಾಗ ಟಕ್ ಅನ್ನುತ್ತೆ, ಕೊಳೆತದ್ದು ದಬ್. ಕಂಬಿಯ ಸುತ್ತ ಅಂಗೈಯಗಲ ದಬ್. ಹೊಟ್ಟೆ ಚುರುಕ್ ಅಂತು.

ಇನ್ನು ಬೋಲ್ಟ್ ಬಿಚ್ಚಿ, ಅದರ ತೂತು ಅಗಲ ಮಾಡಿ, ಒದ್ದೆ ಮರ ಕೆರೆದು, ಪೂರ್ತಿ ಒಣಗಿಸಿ, ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಬೇಕು. ಅದರ ನಡುವೆ ಮತ್ತೆ ಕೊರೆದು, ಬ್ಯೂಟೈಲ್ ಟೇಪ್ ಸುತ್ತಿ ಬೋಲ್ಟ್ ಬಿಗಿಸಬೇಕು. ಆಗ ಮುಂದೆ ಸೋರಿದರೂ ಮರಕ್ಕೆ ನೀರು ತಾಗಲ್ಲ. ಮೇಲಿಂದ ಸಿಲಿಕೋನ್ ಬಳಿಯೋದು ಮಾತ್ರ ದಯವಿಟ್ಟು ಬೇಡ.

ಹಳೇ ದೋಣಿ ಇಟ್ಟುಕೊಂಡಿರೋರೇ, ನಿಮ್ಮದು ಎಲ್ಲಿಂದ ಸೋರ್ತಿತ್ತು?