ಮನೆಯ ಕಚೇರಿಗೊಂದು ಗಣಕಯಂತ್ರ

ಎತ್ತು ಮುದಿಯಾಯಿತೆಂದು ತಿಳಿಯುವುದಕ್ಕೆ ಒಕ್ಕಲಿಗನಿಗೆ ಯಾರ ಸಲಹೆಯೂ ಬೇಕಾಗುವುದಿಲ್ಲ. ಅದರ ಹಲ್ಲು, ಅದರ ನಡೆ, ನೊಗಕ್ಕೆ ಕೊರಳು ಕೊಡುವಾಗ ಅದು ತೋರುವ ಅಳುಕು, ಇವೇ ಸಾಕು. ಯಂತ್ರಗಳ ಮಾತು ಹಾಗಲ್ಲ. ಅವು ನಿಜವಾಗಿ ಮುದಿಯಾಗುವುದು ಒಂದು ಬಗೆ. ಮುದಿಯಾದವೆಂದು ಪೇಟೆಯವರು ಸಾರುವುದು ಇನ್ನೊಂದು ಬಗೆ. ಈ ಎರಡನ್ನೂ ಬೇರ್ಪಡಿಸಿ ನೋಡಬಲ್ಲವರಿಗೆ ಮಾತ್ರ ತಮ್ಮ ಹಣವನ್ನು ಉಳಿಸಿಕೊಳ್ಳುವುದು ಸಾಧ್ಯ. 2025ರ ದೀಪಾವಳಿಯ ಸುಮಾರಿಗೆ ನಮ್ಮ ಮನೆಯ ಗಣಕಯಂತ್ರವನ್ನು ಬದಲಿಸುವ ಪ್ರಸಂಗ ಒದಗಿದಾಗ ನನಗೆ ಇದು ಚೆನ್ನಾಗಿ ಮನವರಿಕೆಯಾಯಿತು.

ನನ್ನ ಉದ್ಯೋಗ ಭಾಷಾಂತರ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ವಿಜಯಪುರ, ಕಲಬುರಗಿ, ಸೊಲ್ಲಾಪುರಗಳ ಕಡೆಗೆ ಹೊಲಮನೆಗಳುಂಟು. ಮಹಾರಾಷ್ಟ್ರದ ಸಾತ್‌ಬಾರಾ ಉತಾರವನ್ನು ಕನ್ನಡಕ್ಕೂ, ಕರ್ನಾಟಕದ ಪಹಣಿಯನ್ನು ಮರಾಠಿಗೂ ತರಬೇಕಾಗುತ್ತದೆ. ವಾಟಣಿಪತ್ರ, ಮೃತ್ಯುಪತ್ರಗಳೂ ಬರುತ್ತವೆ. ನಡುಮನೆಯ ಒಂದು ಮೂಲೆಯೇ ನನ್ನ ಕಚೇರಿ. 2014ರಲ್ಲಿ ಕೊಂಡ ಗಣಕಯಂತ್ರವೊಂದೇ ಅಲ್ಲಿಯ ಗುಮಾಸ್ತ. ಅದು ನಿಂತರೆ ಮನೆಯ ಸಂಪಾದನೆಯ ಅರ್ಧಭಾಗ ನಿಂತಂತೆಯೇ.

ಅದಕ್ಕೆ ಮುಪ್ಪಿನ ಲಕ್ಷಣಗಳು ಒಂದೊಂದಾಗಿ ಕಾಣಿಸಿಕೊಂಡಿದ್ದವು. ಪ್ರತಿದಿನ ಬೆಳಿಗ್ಗೆ ಗಡಿಯಾರ ತಪ್ಪಾದ ವೇಳೆಯನ್ನು ತೋರಿಸುತ್ತಿತ್ತು. ಒಳಗಿರುವ ನಾಣ್ಯದಾಕಾರದ ಪುಟ್ಟ ಬ್ಯಾಟರಿಯನ್ನು ಬದಲಿಸಿದರೆ ಆ ವ್ಯಾಧಿ ವಾಸಿಯಾಗುವಂಥದು. ಯಂತ್ರವು ಎಚ್ಚರಗೊಳ್ಳುವಷ್ಟರಲ್ಲಿ ಒಂದು ಲೋಟ ಚಹ ಕುಡಿದು ಮುಗಿಸಬಹುದಾಗಿತ್ತು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕನ್ನು ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಕೂಡಿಸಿದರೆ ಅದೂ ಬಹುಮಟ್ಟಿಗೆ ನೀಗುವಂಥದು. ಇವೆರಡಕ್ಕಾಗಿ ಹೊಸ ಯಂತ್ರವನ್ನು ಕೊಳ್ಳುವುದು, ಕದ ಕಿರುಗುಟ್ಟಿತೆಂದು ಮನೆಯನ್ನೇ ಬದಲಿಸಿದಂತೆ.

ಮೂರನೆಯ ತೊಂದರೆ ಮಾತ್ರ ಬೇರೆ ಜಾತಿಯದು. ಆ ವರ್ಷದ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ರಕ್ಷಣೆಯ ಏರ್ಪಾಡು ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 2017ರಲ್ಲಿ ಬಂದ 8ನೆಯ ಪೀಳಿಗೆಯದೋ ಅದರ ಈಚಿನದೋ ಆಗಿರಬೇಕು. ನನ್ನದು 4ನೆಯ ಪೀಳಿಗೆಯದು. ಅದು ಇನ್ನೂ ನಡೆಯುತ್ತಿತ್ತು, ನಿಜ. ಆದರೆ ಹೊಸ ರಕ್ಷಣೆಯ ತೇಪೆಗಳು ಬಾರದ ಯಂತ್ರದಲ್ಲಿ ಪರರ ಆಸ್ತಿಯ ಕಾಗದಪತ್ರಗಳನ್ನು ಇಡುವುದು, ಚಿಲಕ ಸಡಿಲಾದ ಪೆಟ್ಟಿಗೆಯಲ್ಲಿ ಅನ್ಯರ ಒಡವೆಯನ್ನು ಇಟ್ಟುಕೊಂಡಂತೆ. ನಂಬಿ ಕೊಟ್ಟವರಿಗೆ ಅದು ನ್ಯಾಯವಲ್ಲ.

ಈ ಶಾಲೆಯ ಹತ್ತನೆಯ ತರಗತಿಯಲ್ಲಿರುವ ಮಗಳ ಕಾಲೇಜಿನ ಪ್ರವೇಶಕ್ಕೆಂದು ಕೂಡಿಟ್ಟ ಹಣವನ್ನು ಮುಟ್ಟಬಾರದೆಂಬುದು ನಮ್ಮ ನಿಶ್ಚಯವಾಗಿತ್ತು. ಅದನ್ನು ಬಿಟ್ಟರೆ ಕೈಯಲ್ಲಿದ್ದುದು 25,000 ರೂಪಾಯಿ. ಅಂಗಡಿಯವರು ಅಷ್ಟರಲ್ಲಿಯೇ ಹೊಳೆಯುವ ಹೊಸ ಲ್ಯಾಪ್‌ಟಾಪನ್ನು ತೋರಿಸಿದರು. ಅದರ ಪ್ರೊಸೆಸರ್ ಸಾಮಾನ್ಯದ್ದು. ರ್‍ಯಾಮ್ ಒಳಗೆ ಬೆಸೆದುಹೋಗಿದ್ದರಿಂದ ಮುಂದೆ ಹೆಚ್ಚಿಸುವಂತಿರಲಿಲ್ಲ. ಮರಾಠಿಯ ಮೂಲವನ್ನೂ ಕನ್ನಡದ ಅನುವಾದವನ್ನೂ ಅಕ್ಕಪಕ್ಕದಲ್ಲಿಟ್ಟು ದಿನವೆಲ್ಲ ನೋಡುವ ನನಗೆ ಆ ಸಣ್ಣ ಪರದೆ ಒಗ್ಗುವಂತಿರಲಿಲ್ಲ. ಮನೆಯಲ್ಲಿ ಒಳ್ಳೆಯ ಮಾನಿಟರ್ ಇರುವಾಗ ಇನ್ನೊಂದು ಪರದೆಗೆ ಹಣವನ್ನೇಕೆ ತೆರಬೇಕು?

ಆಗ ಮಗಳು ಒಂದು ಪ್ರಶ್ನೆ ಕೇಳಿದಳು: "ಅವ್ವಾ, ಹೊಸಾದ್ರಾಗ ನಿನ್ನ ಹಳೇ ಕಾಗದ ಎಲ್ಲಾ ತೆರೀತಾವೇನು?"

ಅಂಗಡಿಯವರು ಯಾರೂ ಎತ್ತದಿದ್ದ ಪ್ರಶ್ನೆ ಅದು. ನನ್ನ ಮೊದಲ ವರ್ಷಗಳ ಬರಹವೆಲ್ಲ ಯೂನಿಕೋಡಿನಲ್ಲಿಲ್ಲದ ಹಳೆಯ ಅಕ್ಷರಗಳಲ್ಲಿತ್ತು. ಅಂಥ ಬರಹದಲ್ಲಿ ಕನ್ನಡದ ಅಕ್ಷರರೂಪಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ತಕ್ಕ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಲಿಪಿಯ ರಾಶಿ ಬೀಳುತ್ತದೆ. ಈ ವಿಷಯದಲ್ಲಿ ಪುಣೆಗೆ ಒಂದು ಚರಿತ್ರೆಯೇ ಉಂಟು. 1988ರಲ್ಲಿ ಇಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ಜಿಸ್ಟ್ ತಂತ್ರದ ಮೂಲಕ ಭಾರತೀಯ ಲಿಪಿಗಳನ್ನು ಗಣಕಕ್ಕೆ ಅಳವಡಿಸಿತು; ಮುದ್ರಣಾಲಯಗಳಿಗೆ ಚಿರಪರಿಚಿತವಾದ ಶ್ರೀಲಿಪಿಯೂ ಈ ಊರಿನದೇ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ ಜನರ ಕೈಯ ಬರಹವು ಅದಕ್ಕೆ ಒಗ್ಗಿಕೊಳ್ಳಲು ಬಹಳ ಕಾಲ ಹಿಡಿಯಿತು.

ಆ ಪ್ರಶ್ನೆಯೇ ನನಗೆ ಒರೆಗಲ್ಲಾಯಿತು. ಹಳೆಯದೊಂದು ವಾಟಣಿಪತ್ರವನ್ನು, ಊರು ಹೆಸರುಗಳನ್ನು ತೆಗೆದುಹಾಕಿ, ಅದರ ಫಾಂಟಿನೊಡನೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೆನು. ಅಂಗಡಿಗೆ ಹೋದಲ್ಲೆಲ್ಲ, "ಇದನ್ನು ತೆರೆದು, ಎರಡು ಸಾಲು ಕನ್ನಡ, ಎರಡು ಸಾಲು ಮರಾಠಿ ಬರೆಯಗೊಡಿರಿ" ಎಂದು ಕೇಳತೊಡಗಿದೆನು. ಕೆಲವರು ನಕ್ಕರು, ಒಬ್ಬರು ಕುರ್ಚಿ ಎಳೆದು ಕೂಡಲು ಹೇಳಿದರು. ಅವರಲ್ಲಿಯೇ ವ್ಯಾಪಾರ ಕುದುರಿತು.

ನಾನು ಕೊಂಡುದು ಹೊಸದಲ್ಲ. ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ಒಟ್ಟಾಗಿ ಮಾರಿಬಿಡುವ ಯಂತ್ರಗಳನ್ನು ಶುಚಿಗೊಳಿಸಿ, ಸರಿಪಡಿಸಿ ಮಾರುವವರುಂಟು. ಹಾಗೆ ಬಂದ, ನಿಘಂಟಿನಷ್ಟು ಗಾತ್ರದ ಪೆಟ್ಟಿಗೆ ಅದು: 8ನೆಯ ಪೀಳಿಗೆಯ ಪ್ರೊಸೆಸರ್, 16 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, ಒಂದು ವರ್ಷದ ಗ್ಯಾರಂಟಿ. ಬೆಲೆ 18,000 ರೂಪಾಯಿ. ಪರವಾನಗಿಯುಳ್ಳ ವಿಂಡೋಸ್ 11 ಅದರಲ್ಲಿದೆಯೆಂದೂ, ರಸೀದಿಯ ಮೇಲೆ ಯಂತ್ರದ ಕ್ರಮಸಂಖ್ಯೆ ಬರೆದಿದೆಯೆಂದೂ ನೋಡಿಕೊಂಡೆನು. ಬರಹಗಳ ಪ್ರತಿಯನ್ನು ಪ್ರತ್ಯೇಕವಾಗಿ ಇಡಲು 5,000 ರೂಪಾಯಿಯ ಹೊರಗಿನ ಡಿಸ್ಕೊಂದನ್ನು ಕೊಂಡೆನು. ಉಳಿದ 2,000 ಮನೆಗೆ ಮರಳಿತು.

ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸ ಮೂರು ವಾರ ನಡೆಯಿತು. ಪರಿವರ್ತಕ ತಂತ್ರಾಂಶವು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುತ್ತದೆ. ಒಂದು ಅಕ್ಷರ ತಪ್ಪಿದರೆ ಹೊಲದ ಒಡೆಯನ ಹೆಸರೇ ತಪ್ಪೀತು. ಆದುದರಿಂದ ಮಗಳು ಮೂಲವನ್ನು ಓದಿದಳು, ನಾನು ತಿದ್ದಿದೆನು. ಆ ಬಳಿಕ ಹಳೆಯ ಯಂತ್ರದಲ್ಲಿದ್ದ ಪರರ ಕಾಗದಗಳನ್ನು ಪೂರ್ಣವಾಗಿ ಅಳಿಸಿ, ಹೊಸ ಬ್ಯಾಟರಿ ಹಾಕಿ, ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಸ್ಥಾಪಿಸಿದೆವು. ಈಗ ಮಗಳು ಅದರಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ಕಲಿಯುತ್ತಿದ್ದಾಳೆ. ಅದರಲ್ಲಿ ಕನ್ನಡದ 'ಕ' ಇರುವ ಕೀಲಿಯಲ್ಲಿಯೇ ಮರಾಠಿಯ 'ಕ'ವೂ ಇದೆ. ಒಂದನ್ನು ಕಲಿತ ಬೆರಳಿಗೆ ಇನ್ನೊಂದು ತಾನಾಗಿ ಒಲಿಯುತ್ತದೆ.

ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯಲ್ಲಿಯೂ ಇಂಥ ಪ್ರಸಂಗ ಬಂದೀತು. ಆಗ ಯಂತ್ರಗಳ ಪಟ್ಟಿಯನ್ನು ಹಿಡಿಯುವ ಮೊದಲು ನಿಮ್ಮ ಮನೆಯವರು ಮಾಡುವ ಕೆಲಸಗಳ ಪಟ್ಟಿಯನ್ನು ಬರೆಯಿರಿ. ಯಾವ ದೋಷ ದುರಸ್ತಿಯಿಂದ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ವಿಂಗಡಿಸಿರಿ. ಕೊಳ್ಳುವ ಯಂತ್ರಕ್ಕೆ ನಿಮ್ಮದೇ ಕೆಲಸವನ್ನು ಕೊಟ್ಟು ಪರೀಕ್ಷಿಸಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಸತ್ಯವೇ. ಆದರೆ ಹಾಸಿಗೆಯ ಉದ್ದವನ್ನು ನಾವೇ ಅಳೆಯಬೇಕು, ಅದನ್ನು ಅಂಗಡಿಯವರಿಗೆ ಬಿಡಬಾರದು.