ಬಿದ್ದು ಯಾರ ಖಾತೆಗೆ?

ಚಾಕಣಕ್ಕೆ ಬಂದ ಮೇಲೆ ನನಗೆ ಅಂಟಿಕೊಂಡ ಚಟವೆಂದರೆ, ‘ಇವರು ನಮ್ಮವರು’ ಎಂದು ಎಣಿಸುವುದು. ಧಾರವಾಡದಲ್ಲಿ ಅದರ ಅಗತ್ಯ ಇರಲಿಲ್ಲ. ಸುತ್ತ ಇದ್ದವರೆಲ್ಲ ನಮ್ಮವರೇ. ಇಲ್ಲಿ ಪುಣೆ-ನಾಶಿಕ ಹೆದ್ದಾರಿಯ ಲಾರಿಗಳ ನಡುವೆ ಒಂದು ‘ಕೆಎ’ ನಂಬರಿನ ಗಾಡಿ ಕಂಡರೂ ಜೀವಕ್ಕೆ ತಂಪೆನಿಸುತ್ತದೆ. ಪಕ್ಕದ ಮನೆಯಲ್ಲಿ ಮರಾಠಿ ಶಾಲೆಯ ನಿವೃತ್ತ ಮಾಸ್ತರರಿದ್ದಾರೆ. ಸಂಜೆ ಅವರ ಮುಂದೆ ನನ್ನ ಪಟ್ಟಿ ಒಪ್ಪಿಸುವಾಗ ಒಂದು ದಿನ ಬಿದ್ದು ಹೆಸರನ್ನೂ ಸೇರಿಸಿದೆ. ವಾದ ಶುರುವಾದದ್ದು ಅಲ್ಲಿಂದ.

ಬಿದ್ದು ಎಂದರೆ ಎಡವಿ ಬಿದ್ದು ಅಲ್ಲ ಮತ್ತೆ! ಬಿದ್ದು ಅಪ್ಪಯ್ಯ, ಬೆಂಗಳೂರಿನಲ್ಲಿ ಬೆಳೆದ ಕೊಡವ. ‘ಟ್ರೋಜನ್ಸ್’ ಎಂಬ ತಂಡದಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದ ಹುಡುಗ ಅರವತ್ತರ ದಶಕದಲ್ಲೇ ಲಂಡನ್ನಿಗೆ ಹೋದ. 1974ರಲ್ಲಿ ಕಾರ್ಲ್ ಡಗ್ಲಾಸ್ ಕಡೆಯಿಂದ ಹಾಡಿಸಿದ ‘ಕುಂಗ್ ಫೂ ಫೈಟಿಂಗ್’ ಮೊದಲು ಗ್ರಾಮಫೋನ್ ತಟ್ಟೆಯ ಹಿಂಬದಿಗೆಂದು ಇಟ್ಟುಕೊಂಡಿದ್ದ ಹಾಡು. ಅದೇ ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. 1980ರ ‘ಕುರ್ಬಾನಿ’ಯಲ್ಲಿ ಹದಿನೈದರ ಹುಡುಗಿ ನಾಜಿಯಾ ಹಸನ್ ಹಾಡಿದ ‘ಆಪ್ ಜೈಸಾ ಕೋಯಿ’, ಮರುವರ್ಷದ ‘ಡಿಸ್ಕೋ ದೀವಾನೇ’, ಇವು ಎಲ್ಲರಿಗೂ ಗೊತ್ತು.

ನನಗೆ ಹಿಡಿಸಿದ್ದು ಇವುಗಳ ನೆರಳಲ್ಲಿ ಮರೆಯಾದವು. 1982ರಲ್ಲಿ ಕುಮಾರ್ ಗೌರವ್ ನಟಿಸಿದ ‘ಸ್ಟಾರ್’ ಬಂತು, ಬಂದಂತೆಯೇ ಹೋಯಿತು. ಅದೇ ವರ್ಷ ಬಪ್ಪಿ ಲಾಹಿರಿಯವರ ‘ಡಿಸ್ಕೋ ಡಾನ್ಸರ್’ ಬೀದಿಬೀದಿ ಆಳಿತು. ‘ಸ್ಟಾರ್’ನ ‘ಬೂಂ ಬೂಂ’ ಅಲ್ಲಿಷ್ಟು ಇಲ್ಲಿಷ್ಟು ಕೇಳಿಬಂತು, ಉಳಿದ ಹಾಡುಗಳು ಸಿನಿಮಾದ ಜೊತೆಗೇ ಮುಳುಗಿದವು. 1984ರ ‘ಯಂಗ್ ತರಂಗ್’ನ ಕಥೆ ಇನ್ನೂ ಬೇರೆ. ನಾಜಿಯಾ ಮತ್ತು ತಮ್ಮ ಜೊಹೇಬ್ ಹಾಡಿದ್ದ ಆ ಕ್ಯಾಸೆಟ್ಟಿಗೆ ಸಿನಿಮಾನೇ ಇರಲಿಲ್ಲ. ಆಗ ನಾನು ಬ್ಯಾಂಕಿಗೆ ಸೇರಿದ ಹೊಸತು. ಧಾರವಾಡದ ಕ್ಯಾಸೆಟ್ ಅಂಗಡಿಯಲ್ಲಿ ಕೇಳಿದರೆ, ‘ಯಾವ ಪಿಚ್ಚರ್ರೀ?’ ಎಂದ ಅಂಗಡಿಯವ.

‘ಪಿಚ್ಚರ್ ಅಲ್ಲಪಾ, ಬರೇ ಹಾಡು.’

‘ಹೀರೋ ಇಲ್ಲ, ಕತಿ ಇಲ್ಲ. ಅಂಥಾದ್ದು ಯಾರು ತೊಗೋತಾರ್ರಿ?’

ಅವನ ಮಾತಿನಲ್ಲಿ ವ್ಯಾಪಾರದ ಪೂರ್ತಿ ಸತ್ಯ ಇತ್ತು. ನಮ್ಮಲ್ಲಿ ಆಗ ಹಾಡಿಗೆ ಮನೆ ಎಂದರೆ ಸಿನಿಮಾ. ಸಿನಿಮಾ ಇಲ್ಲದ ಹಾಡು ಪರದೇಶಿ. ಕೊನೆಗೆ ತರಿಸಿಕೊಟ್ಟ ಅನ್ನಿ. ‘ದಂ ದಂ ದೇದೇ’ ಹಾಡಿನಲ್ಲಿ ಆ ಹುಡುಗಿಯ ದನಿಗೆ ಆಲಾಪ, ಕೊಂಕು ಏನೂ ಇಲ್ಲ, ಮಾತಾಡಿದ ಹಾಗೆ ಹಾಡುತ್ತಾಳೆ. ಕೆಳಗೆ ಗಿಟಾರು ಒಂದೇ ಸಮ ದಾರಿ ಹಿಡಿದು ನಡೆಯುತ್ತದೆ. ಅಪ್ಪ ಮಾತ್ರ ‘ಇದು ಹಾಡೋ, ಹಿಟ್ಟಿನ ಗಿರಣಿಯೋ’ ಅನ್ನುತ್ತಿದ್ದರು. ನಾಜಿಯಾ 2000ದಲ್ಲಿ, ಮೂವತ್ತೈದನೇ ವಯಸ್ಸಿಗೇ ತೀರಿಕೊಂಡರು. ‘ಡಿಸ್ಕೋ ದೀವಾನೇ’ಯನ್ನು 2012ರ ಒಂದು ಹಿಂದಿ ಸಿನಿಮಾ ಮತ್ತೆ ಎಬ್ಬಿಸಿತು, ‘ದಂ ದಂ ದೇದೇ’ಗೆ ಆ ಭಾಗ್ಯ ಬರಲಿಲ್ಲ.

ಇಷ್ಟೆಲ್ಲ ಕೇಳಿ ಮಾಸ್ತರರು ಒಂದೇ ಪ್ರಶ್ನೆ ಹಾಕಿದರು: ‘ಸಾಹೇಬ್, ಇವುಗಳಲ್ಲಿ ಕನ್ನಡದ್ದು ಎಷ್ಟು?’

ನಾನು ಹೇಳಿದ ಹಾಡುಗಳಲ್ಲಿ ಒಂದೂ ಇಲ್ಲ. ಹುಟ್ಟಿದ್ದು ನಮ್ಮ ನೆಲದಲ್ಲಲ್ಲವೇ ಎಂದೆ. ಅವರು ಬಿಡುವವರೇ? ‘ಹಾಗಾದರೆ ಭೀಮಸೇನ ಜೋಶಿ ಗದಗಿನ ಕಡೆಯವರು, ನಿಮ್ಮವರು. ಪುಣೆಯಲ್ಲಿ ಬಾಳಿದ್ದು, 1953ರಿಂದ ಸವಾಯಿ ಗಂಧರ್ವ ಉತ್ಸವ ನಡೆಸಿದ್ದು, ಅಭಂಗ ಹಾಡಿದ್ದು, ಇದಕ್ಕೆಲ್ಲ ಲೆಕ್ಕ ಇಲ್ಲವೋ?’ ಭೀಮಸೇನರು ದಾಸರ ಪದಗಳನ್ನೂ ಹಾಡಿದ್ದಾರೆ, ಸವಾಯಿ ಗಂಧರ್ವರು ಕುಂದಗೋಳದವರು ಎಂದು ತಿರುಗಿಸಿ ಕೊಟ್ಟೆ. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ.

ಯಾಕೆಂದರೆ ಮೊಮ್ಮಗ ಹುಟ್ಟಿದ್ದು ಪುಣೆಯಲ್ಲಿ. ಮನೆಯೊಳಗೆ ನಾನು ‘ಅಜ್ಜ’. ಹೊಸ್ತಿಲು ದಾಟಿದರೆ ‘ಆಜೋಬಾ’. ಕನ್ನಡ ಮಾತು ತಿಳಿಯುತ್ತದೆ, ಉತ್ತರ ಬರುವುದು ಮರಾಠಿಯಲ್ಲಿ. ನನ್ನ ಲೆಕ್ಕ ಹಿಡಿದರೆ, ಹುಟ್ಟಿದ ನೆಲದ ಪ್ರಕಾರ ಅವನು ಅವರವನು. ಮಾಸ್ತರರ ಲೆಕ್ಕ ಹಿಡಿದರೆ, ಭಾಷೆಯ ಪ್ರಕಾರವೂ ಅವರವನೇ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ತಾಳೆ ಮಾಡಿದವನಿಗೆ ಈ ಒಂದು ಖಾತೆ ತಾಳೆಯಾಗಲೊಲ್ಲದು.

ಮೊನ್ನೆ ಅವನಿಗೆ ಮೊಬೈಲಿನಲ್ಲಿ ‘ದಂ ದಂ ದೇದೇ’ ಕೇಳಿಸಿದೆ. ಪೂರ್ತಿ ಕೇಳಲಿಲ್ಲ. ಮೊದಲಿನ ತಾಳವನ್ನಷ್ಟೇ ಕತ್ತರಿಸಿಕೊಂಡು, ಅದರ ಮೇಲೆ ತಾನೇ ಕಟ್ಟಿದ ಮರಾಠಿ ರ‍್ಯಾಪ್ ಹೇಳತೊಡಗಿದ. ಚಾಕಣದ ಕಾರ್ಖಾನೆ, ಟ್ರಾಫಿಕ್ಕು, ಮಾರುಕಟ್ಟೆಯ ಧೂಳು ಎಲ್ಲ ಬಂತು. ನಡುವೆ ಒಂದು ಕಡೆ ‘ಕಾಂದಾ’ ಬರಬೇಕಾದಲ್ಲಿ, ತಾಳಕ್ಕೆ ಸಾಲಲಿಲ್ಲವೋ ಏನೋ, ‘ಉಳ್ಳಾಗಡ್ಡಿ’ ಎಂದ.

ಮಾಸ್ತರರು ಕಣ್ಣು ಮುಚ್ಚಿ ತಲೆದೂಗುತ್ತಿದ್ದವರು ತಟ್ಟನೆ ನಿಲ್ಲಿಸಿದರು. ‘ಆ ಒಂದು ಶಬ್ದ ನಮ್ಮದಲ್ಲ,’ ಎಂದರು.