ಗಾಲಿಯ ಮನೆಯಲ್ಲಿ ಎರಡು ಲೋಟ ಕಾಫಿ

ಮನೆ ಕಟ್ಟುವವರು ಮೊದಲು ಅಡಿಪಾಯವನ್ನು ಕುರಿತು ಯೋಚಿಸುತ್ತಾರೆ. ಗಾಲಿಯ ಮೇಲೆ ಮನೆ ಹೂಡುವವರು ಬಿಟ್ಟುಹೋಗಬೇಕಾದ ಸಾಮಾನುಗಳನ್ನು ಕುರಿತು ಯೋಚಿಸಬೇಕಾಗುತ್ತದೆ. ಮಂಚ, ಬೀರು, ಪುಸ್ತಕದ ಕಪಾಟು, ಹಬ್ಬಕ್ಕೆಂದು ಎತ್ತಿಟ್ಟ ಪಾತ್ರೆಗಳು, ಇವನ್ನೆಲ್ಲ ತೊರೆಯುವುದು ಅಂತಹ ಕಷ್ಟವೇನೂ ಅಲ್ಲ. ಒಂದೆರಡು ನಿಟ್ಟುಸಿರುಗಳಲ್ಲಿ ಆ ಕೆಲಸ ಮುಗಿದುಹೋಗುತ್ತದೆ. ಆದರೆ ಬೆಳಗಿನ ಕಾಫಿಯನ್ನು ತೊರೆದು ಹೊರಡುವ ವೈರಾಗ್ಯ ಎಲ್ಲರಿಗೂ ಬರುವಂಥದಲ್ಲ. ಆದಕಾರಣ ಕಾಫಿಯೂ ಜೊತೆಗೆ ಬರಬೇಕು. ಕಾಫಿ ಬಂದ ಮೇಲೆ ಅದನ್ನು ಇಳಿಸುವ ಸಾಧನವೂ ಬರಬೇಕು. ಯಾವ ಸಾಧನ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಗಾಡಿ ಹತ್ತುತ್ತದೆ.

ಮಲಗುವುದಕ್ಕೂ ಅಡಿಗೆಗೂ ಅನುಕೂಲವಾಗುವಂತೆ ಸಜ್ಜುಗೊಳಿಸಿದ ವಾಹನಕ್ಕೆ ಕ್ಯಾಂಪರ್ ವ್ಯಾನು ಎಂದು ಹೆಸರು. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿಯವರು ೧೯೫೧ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ ಕಪಾಟುಗಳನ್ನು ಅಳವಡಿಸಿಕೊಡಲು ಆರಂಭಿಸಿದರು. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ೧೯೬೦ರಲ್ಲಿ ತನ್ನ ನಾಯಿಯೊಂದನ್ನೇ ಸಂಗಾತಿಯಾಗಿ ಮಾಡಿಕೊಂಡು ಇಂಥದೇ ಸಂಚಾರಿ ಮನೆಯಲ್ಲಿ ದೇಶ ಸುತ್ತಿದ. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಆ ಗಾಡಿಗೆ ಇಟ್ಟಿದ್ದ. ಈಗಂತೂ ಕೆಲಸದಿಂದ ನಿವೃತ್ತರಾದವರೂ, ಕಂಪ್ಯೂಟರಿನ ಮೂಲಕ ಎಲ್ಲಿ ಕುಳಿತಾದರೂ ಕೆಲಸ ಮಾಡಬಲ್ಲ ತರುಣರೂ ತಿಂಗಳುಗಟ್ಟಲೆ ಹೀಗೆ ವಾಸ ಮಾಡುತ್ತಾರೆ.

ಅಂಥವರಲ್ಲಿ ಮೈಸೂರಿನ ಕಡೆಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ದಂಪತಿಗಳೂ ಇದ್ದರು. ಯಜಮಾನರು ಎಂಜಿನಿಯರು, ಶ್ರೀಮತಿ ಶಾಲೆಯೊಂದರಲ್ಲಿ ಗ್ರಂಥಪಾಲಕಿ. ಇಬ್ಬರೂ ನಿವೃತ್ತರಾದರು, ಮಕ್ಕಳು ರೆಕ್ಕೆ ಬಲಿತು ತಮ್ಮ ತಮ್ಮ ದಾರಿ ಹಿಡಿದರು. ಒಂದು ವರ್ಷ ಆ ದೇಶದ ಪಶ್ಚಿಮ ಭಾಗವನ್ನು ವ್ಯಾನಿನಲ್ಲಿಯೇ ಇದ್ದುಕೊಂಡು ನೋಡಿಬರುವುದೆಂದು ನಿರ್ಧಾರವಾಯಿತು. ವ್ಯಾನಿನ ಉದ್ದ ಆರು ಮೀಟರು. ಒಳಗೆ ಒಬ್ಬರು ಆಚೆಯಿಂದ ಈಚೆಗೆ ಬರಬೇಕಾದರೆ ಇನ್ನೊಬ್ಬರು ಹಾಸಿಗೆಯ ಮೇಲೆ ಕುಳಿತು ದಾರಿ ಬಿಡಬೇಕು. ಅಡಿಗೆಯ ಕಟ್ಟೆ ಎರಡು ಮೊಳ. ಅದರ ಕೆಳಗೆ ಕಾಫಿಯ ಸಾಮಾನಿಗೆಂದು ಒಂದೇ ಒಂದು ಗೂಡು. ಒಂದು ಗೂಡಿಗೆ ಒಂದೇ ಸಾಧನ ಎಂದು ಇಬ್ಬರೂ ಒಪ್ಪಿಕೊಂಡರು. ಯಾವುದು ಎಂಬುದನ್ನು ಆರಿಸುವ ಭಾರವನ್ನು, ವಿದ್ಯೆಗೆ ತಕ್ಕಂತೆ, ಯಜಮಾನರು ವಹಿಸಿಕೊಂಡರು.

ಮನೆಯಲ್ಲಿ ಗುಂಡಿ ಒತ್ತಿದರೆ ಕಾಫಿ ಸುರಿಸುವ ವಿದ್ಯುತ್ ಯಂತ್ರವಿತ್ತು. ಅದನ್ನೇ ಒಯ್ಯಬೇಕೆಂಬುದು ಅವರ ಮೊದಲ ಆಸೆ. ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕುಳಿತರು. ೧೨ ವೋಲ್ಟಿನ, ೧೦೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ೧,೨೦೦ ವಾಟ್-ಗಂಟೆ. ಸೀಸದ ಬ್ಯಾಟರಿಯಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸುವುದು ಕ್ಷೇಮ. ಅರ್ಧ ಲೀಟರು ನೀರನ್ನು ೨೦ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದದ್ದು ಸುಮಾರು ೪೭ ವಾಟ್-ಗಂಟೆ ಮಾತ್ರ. ಇಷ್ಟೇ ತಾನೆ ಎಂದು ಯಜಮಾನರು ಹಿಗ್ಗಿದರು. ಆದರೆ ಮುಂದಿನ ಸಾಲಿನಲ್ಲಿ ತೊಡಕು ಕಾದಿತ್ತು. ಯಂತ್ರ ಆ ಶಕ್ತಿಯನ್ನು ನಿಧಾನವಾಗಿ ಕೇಳುವುದಿಲ್ಲ. ೧,೨೦೦ ವಾಟಿನ ಯಂತ್ರವು ೧೨ ವೋಲ್ಟಿನ ಬ್ಯಾಟರಿಯಿಂದ ನೂರು ಆಂಪಿಯರಿಗೂ ಮೀರಿದ ಪ್ರವಾಹವನ್ನು ಒಮ್ಮೆಲೇ ಎಳೆಯುತ್ತದೆ. ಅದಕ್ಕೆ ದೊಡ್ಡ ಇನ್ವರ್ಟರು ಬೇಕು, ತಕ್ಕ ಫ್ಯೂಸು ಬೇಕು, ಬೆರಳು ಗಾತ್ರದ ತಂತಿ ಬೇಕು. ಅಂಗಡಿಯಿಂದ ತಂದ ಆ ತಂತಿಯ ತುಂಡನ್ನು ಶ್ರೀಮತಿ ಕೈಯಲ್ಲಿ ತೂಗಿ ನೋಡಿ, “ಒಂದು ಲೋಟ ಕಾಫಿಗೆ ಇದೇನ್ರೀ, ಬಾವಿ ಸೇದೋ ಹಗ್ಗದ ಹಾಗಿದೆ!” ಎಂದರು.

ಕಾರಿನಲ್ಲಿ ಸಿಗರೇಟು ಹಚ್ಚುವ ಕಿಂಡಿಗೆ ಸಿಕ್ಕಿಸುವ ಪುಟ್ಟ ಕೆಟ್ಲುಗಳೂ ಉಂಟು. ಅವು ಎಳೆಯುವುದು ನೂರೈವತ್ತು ವಾಟಿನ ಆಸುಪಾಸು. ಕಾವು ಸ್ವಲ್ಪವೂ ಸೋರಿಹೋಗದಿದ್ದರೂ ಅರ್ಧ ಲೀಟರು ಕುದಿಯಲು ಹತ್ತೊಂಬತ್ತು ನಿಮಿಷ. ನಿಜಕ್ಕೆ ಅದಕ್ಕಿಂತ ಹೆಚ್ಚು. ಸಂಚಾರಿ ಮನೆಯಲ್ಲಿ ಕಾಫಿಯ ಹೊರೆ ಅಷ್ಟು ಭಾರವಲ್ಲ, ಆತುರವೇ ಭಾರ ಎಂಬುದು ಲೆಕ್ಕದಿಂದ ಸ್ಪಷ್ಟವಾಯಿತು. ಯಂತ್ರ ಮನೆಯಲ್ಲಿಯೇ ಉಳಿಯಿತು.

ಇನ್ನುಳಿದದ್ದು ಗ್ಯಾಸಿನ ಒಲೆ. ಅದರಲ್ಲಿಯೂ ತಿಳಿದಿರಬೇಕಾದ ಸಂಗತಿಗಳಿವೆ. ಸಣ್ಣ ಡಬ್ಬಿಗಳಲ್ಲಿ ಬರುವ ಬ್ಯುಟೇನ್ ಅನಿಲವು ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಚಳಿ ಇಳಿಯಿತೆಂದರೆ ಆವಿಯಾಗಲು ಒಲ್ಲದು; ಡಬ್ಬಿ ತುಂಬಿದ್ದರೂ ಉರಿ ಏಳುವುದಿಲ್ಲ. ಪ್ರೊಪೇನ್ ಆದರೋ ಸೊನ್ನೆಗಿಂತ ೪೨ ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಬೆಟ್ಟದ ನಾಡಿಗೆ ಹೋಗುವವರಿಗೆ ಅದೇ ಯೋಗ್ಯ. ಎರಡನೆಯ ಸಂಗತಿ ಪ್ರಾಣಕ್ಕೆ ಸಂಬಂಧಿಸಿದ್ದು. ಮುಚ್ಚಿದ ವ್ಯಾನಿನಲ್ಲಿ ಒಲೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಷ್ಟೇ ಚಳಿಯಿರಲಿ, ಒಲೆ ಹಚ್ಚುವ ಮೊದಲು ಕಿಟಕಿ ತೆರೆಯಬೇಕು. ಅನಿಲವನ್ನು ಕಂಡು ಕೂಗುವ ಗಂಟೆಯೊಂದನ್ನು ಗೋಡೆಗೆ ಹಾಕಿರಬೇಕು. ಮೈ ಕಾಯಿಸಿಕೊಳ್ಳಲೆಂದು ಒಲೆ ಉರಿಸಲೇಬಾರದು.

ಒಲೆ ನಿಶ್ಚಯವಾದ ಮೇಲೆ ಅದರ ಮೇಲಿಡುವ ಪಾತ್ರೆಯ ವಿಚಾರ ಬಂದಿತು. ಇಟಲಿಯ ಆಲ್ಫಾನ್ಸೊ ಬಿಯಾಲೆಟ್ಟಿ ೧೯೩೩ರಲ್ಲಿ ಹೊರತಂದ ಎಂಟು ಮುಖದ ಅಲ್ಯುಮಿನಿಯಮ್ ಪಾತ್ರೆಗೆ ಮೋಕಾ ಎಂದು ಹೆಸರು. ಕೆಳಗಿನ ಕೋಣೆಯಲ್ಲಿ ನೀರು ಕಾಯುತ್ತದೆ. ಆವಿಯ ಒತ್ತಡಕ್ಕೆ ಸಿಕ್ಕಿ ನೀರು ನಡುವಿನ ಪುಡಿಯನ್ನು ಹಾಯ್ದು ಮೇಲಿನ ಕೋಣೆಗೆ ಏರುತ್ತದೆ. ಕಾಫಿ ಗಟ್ಟಿಯಾಗಿಯೇ ಬರುತ್ತದೆ. ಆದರೆ ಪಾತ್ರೆಯ ತಳ ಚಿಕ್ಕದು, ಒಲೆಯ ಕಾಲುಗಳ ನಡುವೆ ಓಲಾಡುತ್ತದೆ. ಮೂರು ಲೋಟದ ಪಾತ್ರೆಯಲ್ಲಿ ಒಂದು ಲೋಟ ಮಾಡಿದರೆ ರುಚಿ ಕೆಡುತ್ತದೆ. ರಬ್ಬರಿನ ಬಳೆ ಸವೆದರೆ ದಾರಿಯಲ್ಲಿ ಸಿಕ್ಕುವುದು ಕಷ್ಟ.

ಫ್ರೆಂಚ್ ಪ್ರೆಸ್ ಎಂಬ ಒತ್ತುಜಾಡಿಯದು ಇನ್ನೊಂದು ಬಗೆ. ಹೆಸರು ಫ್ರಾನ್ಸಿನದಾದರೂ ಅದರ ಪ್ರಸಿದ್ಧ ಪೇಟೆಂಟೊಂದು ೧೯೨೯ರಲ್ಲಿ ಇಟಲಿಯವರ ಹೆಸರಿನಲ್ಲಿ ಆದದ್ದು. ಗಾಜಿನದಾದರೆ ಮೊದಲ ಗುಂಡಿಯಲ್ಲಿಯೇ ಅದರ ಆಯುಷ್ಯ ತೀರಬಹುದು, ಉಕ್ಕಿನದಾದರೆ ಬಾಳುತ್ತದೆ. ಆದರೆ ತಳದಲ್ಲಿ ಉಳಿಯುವ ಕೆಸರಿನಂಥ ಚರಟವನ್ನು ತೊಳೆಯಲು ಕುಡಿದ ಕಾಫಿಗಿಂತ ಹೆಚ್ಚು ನೀರು ಬೇಕು. ವ್ಯಾನಿನ ತೊಟ್ಟಿಯಲ್ಲಿದ್ದದ್ದು ನಲವತ್ತು ಲೀಟರು. ನಲ್ಲಿ ತಿರುಗಿಸಿದರೆ ಊರ ಕೆರೆಯೇ ಮನೆಗೆ ಬರುವವರಿಗೆ ಈ ಲೆಕ್ಕ ಹೊಳೆಯುವುದಿಲ್ಲ.

ಜರ್ಮನಿಯ ಡ್ರೆಸ್ಡನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್ ೧೯೦೮ರಲ್ಲಿ ಮಗನ ಶಾಲೆಯ ಪುಸ್ತಕದ ಒತ್ತುಕಾಗದವನ್ನು ತೆಗೆದುಕೊಂಡು ಕಾಫಿ ಸೋಸಿದಳು. ಅದರಿಂದ ಕಾಗದದ ಸೋಸಕ ಹುಟ್ಟಿತು. ಚರಟವನ್ನು ಕಾಗದಸಹಿತ ಎಸೆದರೆ ತೊಳೆಯುವ ಗೋಜಿಲ್ಲ; ಕಾಗದ ತೀರಿದ ದಿನ ಕಾಫಿಯೂ ಇಲ್ಲ. ಕೊನೆಗೆ, ಹಾರುವ ಬಳೆಯ ಆಟಿಕೆಯನ್ನು ನಿರ್ಮಿಸಿದ ಅಲನ್ ಆಡ್ಲರ್ ಎಂಬ ಅಮೆರಿಕದ ಎಂಜಿನಿಯರು ೨೦೦೫ರಲ್ಲಿ ಮಾರುಕಟ್ಟೆಗೆ ತಂದ ಏರೋಪ್ರೆಸ್. ದಪ್ಪ ಪಿಚಕಾರಿಯಂಥ ಪ್ಲಾಸ್ಟಿಕ್ ಕೊಳವೆ. ಒಡೆಯದು, ಹಗುರ, ಕೈಯಿಂದ ಒತ್ತಿದರೆ ಎರಡು ನಿಮಿಷದಲ್ಲಿ ಕಾಫಿ. ಚರಟ ಬಿಲ್ಲೆಯಾಗಿ ಹೊರಬೀಳುತ್ತದೆ. ಒಂದು ಗುಟುಕು ನೀರಿನಲ್ಲಿ ಕೊಳವೆ ಶುಭ್ರ. ವ್ಯಾನಿನಲ್ಲಿ ವಾಸಿಸುವ ಅನೇಕರು ಇದನ್ನೇ ಮೆಚ್ಚುವುದರಲ್ಲಿ ಆಶ್ಚರ್ಯವಿಲ್ಲ. ಯಜಮಾನರೂ ಮೆಚ್ಚಿದರು; ತಂದೂಬಿಟ್ಟರು.

ಶ್ರೀಮತಿ ಅದನ್ನು ತಿರುಗಿಸಿ ನೋಡಿ ಕೇಳಿದರು: “ಇದರಲ್ಲಿ ಒಂದು ಸಲಕ್ಕೆ ಎಷ್ಟು ಜನಕ್ಕೆ ಆಗುತ್ತೇರಿ?”

“ಒಬ್ಬರಿಗೆ. ಇನ್ನೊಂದು ಸಲ ಒತ್ತಿದರೆ ಇನ್ನೊಬ್ಬರಿಗೆ. ಎರಡೇ ನಿಮಿಷ.”

“ಮೊದಲನೇ ಲೋಟ ಯಾರದು?”

ಯಜಮಾನರು ನಕ್ಕರು. ಆಕೆ ನಗಲಿಲ್ಲ. “ಮೂವತ್ತೈದು ವರ್ಷ ಎರಡನೇ ಲೋಟವೇ ನನ್ನದಾಯ್ತು. ಅದೂ ಆರಿಹೋಗಿ ಮತ್ತೆ ಕಾಯಿಸಿದ್ದು. ಈ ಎರಡು ಮೊಳದ ಅಡಿಗೆಮನೆಯಲ್ಲಾದರೂ ಇಬ್ಬರೂ ಒಟ್ಟಿಗೆ ಕುಡಿಯೋಣ ಅಂತ ನನಗೆ ಆಸೆ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಮಕ್ಕಳ ಊಟದ ಡಬ್ಬಿ, ಯಜಮಾನರ ಆಫೀಸಿನ ಹೊತ್ತು, ಆಕೆಯ ಶಾಲೆಯ ಹೊತ್ತು, ಇವುಗಳ ನಡುವೆ ಕಟ್ಟೆಯ ಮೇಲಿಟ್ಟ ಲೋಟ ಪ್ರತಿದಿನವೂ ತಣ್ಣಗಾಗುತ್ತಿತ್ತು. ಮತ್ತೆ ಕಾಯಿಸಿ ನಿಂತುಕೊಂಡೇ ಕುಡಿಯುವುದನ್ನು ಯಜಮಾನರು ಕಾಣದೆ ಇರಲಿಲ್ಲ. ಆಕೆಗೆ ಹಾಗೆ ಕುಡಿಯುವುದೇ ಇಷ್ಟವೆಂದು ತಿಳಿದಿದ್ದರು. ಶಕ್ತಿ, ನೀರು, ಜಾಗ, ತೂಕ ಎಂದು ಅವರು ಹಾಕಿದ ಪಟ್ಟಿಯಲ್ಲಿ ಈ ಒಂದು ಅಂಶ ಸೇರಿಯೇ ಇರಲಿಲ್ಲ.

ಮರುದಿನ ಅಟ್ಟದಿಂದ ಕೆಳಗಿಳಿದದ್ದು, ಮದುವೆಯಾದ ಹೊಸದರಲ್ಲಿ ಆಕೆಯ ತಾಯಿ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದ್ದ ಸ್ಟೀಲಿನ ಕಾಫಿ ಫಿಲ್ಟರು. ಕನ್ನಡಿಗರಿಗೆ ಅದರ ವರ್ಣನೆ ಬೇಕಿಲ್ಲ: ತೂತುಗಳ ತಳವಿರುವ ಮೇಲಿನ ಪಾತ್ರೆ, ತುಂಬಿಕೊಳ್ಳುವ ಕೆಳಗಿನ ಪಾತ್ರೆ, ಪುಡಿಯನ್ನು ಅದುಮುವ ಹಿಡಿಯುಳ್ಳ ಬಿಲ್ಲೆ, ಒಂದು ಮುಚ್ಚಳ. ವಿದ್ಯುತ್ತಿಲ್ಲ, ರಬ್ಬರಿಲ್ಲ, ಕಾಗದವಿಲ್ಲ. ಭೂಮಿಯ ಆಕರ್ಷಣೆಯೊಂದೇ ಅದರ ಯಂತ್ರಶಕ್ತಿ; ಆ ಶಕ್ತಿ ಅರಿಜೋನದ ಮರುಭೂಮಿಯಲ್ಲಿಯೂ ಕೈಕೊಡುವುದಿಲ್ಲ. ನಾಲ್ಕು ಲೋಟಕ್ಕಾಗುವಷ್ಟು ಡಿಕಾಕ್ಷನ್ ಒಟ್ಟಿಗೆ ಇಳಿಯುತ್ತದೆ.

ಅದಕ್ಕೂ ದೋಷಗಳಿದ್ದವು, ಎಂಜಿನಿಯರು ಅವನ್ನು ಹೇಳದೆ ಬಿಡಲಿಲ್ಲ. ಡಿಕಾಕ್ಷನ್ ಇಳಿಯಲು ಕಾಲು ಗಂಟೆಗೂ ಮಿಕ್ಕಿ ಬೇಕು. ಗಾಡಿ ಚಲಿಸುವಾಗ ಮುಟ್ಟುವಂತಿಲ್ಲ. ಹಾಲು ಬೇಕೇ ಬೇಕು, ವ್ಯಾನಿನ ತಂಪುಪೆಟ್ಟಿಗೆ ಚಿಕ್ಕದು. ಶ್ರೀಮತಿ ಒಂದೊಂದಕ್ಕೂ ಉಪಾಯ ಕಂಡರು. ರಾತ್ರಿ ಗಾಡಿ ನಿಲ್ಲಿಸಿ, ಅಡಿಗೆಗೆ ಒಲೆ ಹಚ್ಚಿದಾಗಲೇ ನೀರು ಕುದಿಸಿ ಫಿಲ್ಟರಿಗೆ ಹೊಯ್ದು, ಅಗಲವಾದ ಪಾತ್ರೆಯೊಳಗೆ ಬಟ್ಟೆ ಸುತ್ತಿ ನಿಲ್ಲಿಸುವುದು. ಬೆಳಗಾಗುವುದರೊಳಗೆ ಡಿಕಾಕ್ಷನ್ ಸಿದ್ಧ, ಹಾಲು ಕಾಯಿಸಿದರಾಯಿತು. ಹಾಲಿಗೆ, ಒಡೆಯುವವರೆಗೂ ತಂಪು ಬೇಡದ, ಬಹುಕಾಲ ಇರುವ ಪೊಟ್ಟಣಗಳು. ಬೆಳಗಿನ ಹೊತ್ತಿಗೆ ಚರಟ ಬಸಿದಿರುತ್ತದೆ. ಕಾಗದದ ಮೇಲೆ ಕೊಡವಿ, ಪಾತ್ರೆಯನ್ನು ಒರಸಿ, ಒಂದು ಲೋಟ ನೀರಿನಲ್ಲಿ ತೊಳೆಯುವುದು. ಚರಟವನ್ನು ತೊಟ್ಟಿಗೆ ಬಿಟ್ಟರೆ ಕೊಳವೆ ಕಟ್ಟಿಕೊಳ್ಳುತ್ತದೆಯಾದ್ದರಿಂದ ಆ ತಪ್ಪು ಮಾಡಬಾರದು. ರಾತ್ರಿಯಿಡೀ ನಿಂತ ಡಿಕಾಕ್ಷನ್ನಿನ ಪರಿಮಳ ಸ್ವಲ್ಪ ಇಳಿಯುತ್ತದೆಂಬುದು ನಿಜ. ಆ ನಷ್ಟವನ್ನು ಇಬ್ಬರೂ ಒಪ್ಪಿಕೊಂಡರು.

ಕೊಲೊರಾಡೋ ರಾಜ್ಯದ ಲೆಡ್‌ವಿಲ್ ಸಮುದ್ರಮಟ್ಟಕ್ಕಿಂತ ಸುಮಾರು ೩,೧೦೦ ಮೀಟರು ಎತ್ತರದ ಊರು. ಅಲ್ಲಿ ನೀರು ಸುಮಾರು ೯೦ ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ಬೇಯಲು ಮೊಂಡುಹಿಡಿಯುತ್ತದೆ. ಕಾಫಿಗೆ ಮಾತ್ರ ಅಷ್ಟು ಕಾವು ಸಾಕು. ಆ ಊರಿನ ಒಂದು ಬೆಳಿಗ್ಗೆ ಯಜಮಾನರೇ ಎದ್ದು ಹಾಲು ಕಾಯಿಸಿ ಎರಡು ಲೋಟ ಬೆರಸಿದರು. ಕುಳಿತುಕೊಳ್ಳಲು ಹಾಸಿಗೆಯ ಅಂಚೊಂದೇ ಇದ್ದುದರಿಂದ ಇಬ್ಬರೂ ಅಲ್ಲಿಯೇ ಕುಳಿತರು. ಆಕೆ ಒಂದು ಗುಟುಕು ಕುಡಿದು, “ನನಗೆ ಸಕ್ಕರೆ ಹಾಕಬೇಡಿ. ಬಿಟ್ಟು ಎಂಟು ವರ್ಷವಾಯ್ತು” ಎಂದರು. ಯಜಮಾನರು ಏನೂ ಹೇಳಲಿಲ್ಲ. ಸಕ್ಕರೆಯ ಲೋಟವನ್ನು ತಾವು ತೆಗೆದುಕೊಂಡು ಇನ್ನೊಂದನ್ನು ಬೆರಸಿಕೊಟ್ಟರು. ಅದು ಬರುವವರೆಗೂ ತಮ್ಮದನ್ನು ಮುಟ್ಟಲಿಲ್ಲ.

ಎಲ್ಲರಿಗೂ ಫಿಲ್ಟರೇ ತಕ್ಕದ್ದೆಂದು ಇದರ ಅರ್ಥವಲ್ಲ. ಒಬ್ಬರೇ ಸಂಚರಿಸುವವರಿಗೆ ಒತ್ತುಕೊಳವೆಯಂಥ ಸಂಗಾತಿ ಇನ್ನೊಂದಿಲ್ಲ. ಹಾಲಿಲ್ಲದ ಗಟ್ಟಿ ಕಾಫಿ ಬೇಕೆನ್ನುವವರಿಗೆ ಮೋಕಾ ಇದೆ. ಪ್ರತಿರಾತ್ರಿಯೂ ವಿದ್ಯುತ್ ದೊರೆಯುವ ತಂಗುದಾಣದಲ್ಲಿ ನಿಲ್ಲುವವರು ಗುಂಡಿಯ ಯಂತ್ರವನ್ನೇ ಒಯ್ಯಬಹುದು. ಕೊಳ್ಳುವ ಮೊದಲು ಉರಿ ಎಷ್ಟು, ನೀರು ಎಷ್ಟು, ಜಾಗ ಎಷ್ಟು, ಕುಲುಕಾಟಕ್ಕೆ ತಡೆಯುವುದೇ ಎಂದು ವಿಚಾರಿಸುವುದು ಒಳ್ಳೆಯದು. ಕುಡಿಯುವವರು ಎಷ್ಟು ಮಂದಿ, ಅವರೆಲ್ಲರ ಲೋಟವೂ ಒಟ್ಟಿಗೆ ತುಂಬುವುದೇ ಎಂಬುದನ್ನೂ ಆ ಪಟ್ಟಿಗೆ ಸೇರಿಸಬೇಕು. ಉತ್ತರವನ್ನು ಅಂಗಡಿಯವನು ಹೇಳಲಾರ. ಮನೆಯಲ್ಲಿ ಇದುವರೆಗೆ ಕೊನೆಯ ಲೋಟ ಕುಡಿದವರನ್ನು ಕೇಳಿದರೆ ತಿಳಿಯುತ್ತದೆ.